ಕಮಲಾಕರರ ಕಾರಿನ ಮುಳ್ಳು

ಆ ಕೆಂಪು ಕಾರಿನ ಸದ್ದು ಕೇಳಿದರೆ ಸಾಕು, ಜಂಬಪ್ಪನ ತಲೆ ಕೆಡುತ್ತಿತ್ತು. ಹೊಸಪೇಟೆಯಲ್ಲಿ ಮರಿಯಮ್ಮನಹಳ್ಳಿ ರಸ್ತೆಯ ಪಕ್ಕ ಮೂವತ್ತನಾಲ್ಕು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡು ಬಂದವನು ಅವನು. ಲಾರಿ, ಟ್ರ್ಯಾಕ್ಟರು, ಗಣಿಯ ಟಿಪ್ಪರು ಎಲ್ಲವೂ ಅವನ ಮುಂದೆ ಬಂದು ನಿಂತು ರಿಪೇರಿಯಾಗಿ ಹೋಗಿದ್ದವು. ಅಂಥವನನ್ನು ಎರಡೇ ಸೀಟಿನ, ತಲೆಯ ಮೇಲೆ ತಗಡಿನ ಬದಲು ಬಟ್ಟೆ ಹೊದ್ದ, ಐವತ್ತು ವರ್ಷದ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರೊಂದು ನಾಲ್ಕು ತಿಂಗಳಿಂದ ಗೋಳು ಹುಯ್ದುಕೊಳ್ಳುತ್ತಿತ್ತು.

ಕಾರಿಗಿಂತ ಅದರ ಮಾಲೀಕರ ಕಾಟವೇ ಹೆಚ್ಚು. ಕಮಲಾಕರರು ಅಣೆಕಟ್ಟಿನಲ್ಲಿ ನೀರಿನ ಮಟ್ಟ ಅಳೆಯುವ ಕೆಲಸ ಮಾಡಿ ನಿವೃತ್ತರಾದ ಇಂಜಿನಿಯರು. ಇಡೀ ಸರ್ವೀಸನ್ನು ಮೀಟರಿನ ಮುಳ್ಳು ನೋಡುವುದರಲ್ಲೇ ಕಳೆದ ಮನುಷ್ಯ. ಮೈಮೇಲೆ ಮಳೆ ಬೀಳುತ್ತಿದ್ದರೂ ಮಾಪಕ ಹೌದೆನ್ನುವ ತನಕ ಕೊಡೆ ಬಿಚ್ಚುವವರಲ್ಲ. ಅಂಥವರ ಕಾರಿನಲ್ಲಿ ಇಂಜಿನ್ ಬಿಸಿ ತೋರಿಸುವ ಟೆಂಪರೇಚರ್ ಮೀಟರಿನ ಮುಳ್ಳು ಐದು ಕಿಲೋಮೀಟರ್ ಓಡುವಷ್ಟರಲ್ಲಿ ಕೆಂಪು ಗೆರೆ ಮುಟ್ಟಿ ಕೂರುತ್ತಿತ್ತು.

ಜಂಬಪ್ಪ ಮಾಡದ ಉಪಾಯವಿಲ್ಲ. ರೇಡಿಯೇಟರ್ ತೊಳೆಸಿದ. ಇಂಜಿನ್ನಿನ ಬಿಸಿ ಅರಿಯುವ ಸೆನ್ಸರ್ ಬದಲಿಸಿದ. ಹಳೆಯ ಸೆನ್ಸರನ್ನು ಕಮಲಾಕರರ ಅಡುಗೆಮನೆಯಲ್ಲೇ ಕುದಿಯುವ ನೀರಿಗೆ ಇಳಿಬಿಟ್ಟು ಪರೀಕ್ಷೆ ಮಾಡಿದ. ಅದು ಹಾಲು ಕಾಯಿಸುವ ಪಾತ್ರೆಯೆಂದು ಆಮೇಲೆ ಗೊತ್ತಾಗಿ, ಅವರ ಹೆಂಡತಿ ನೀರಜಾ ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಕೊನೆಗೆ, ಗುರಿಯಿಟ್ಟು ಒತ್ತಿದರೆ ಶಾಖ ತೋರಿಸುವ ಸಣ್ಣ ಯಂತ್ರವೊಂದನ್ನು ತಂದು ಇಂಜಿನ್ನಿಗೇ ಹಿಡಿದ.

"ಎಂಬತ್ನಾಲ್ಕು ಡಿಗ್ರಿ, ನೀವ ನೋಡ್ರಿ ಸರ್. ಇಂಜಿನ್ ಬೇಷ್ ಐತಿ. ಕೆಟ್ಟಿದ್ದು ಮೀಟರು."

"ಮೀಟರ್ ಯಾಕ ಸುಳ್ಳು ಹೇಳ್ತದಪ್ಪಾ? ಅದಕ್ಕೇನು ಲಾಭ?" ಎಂದಿದ್ದರು ಕಮಲಾಕರರು.

ಜಂಬಪ್ಪ ಹಲ್ಲು ಕಚ್ಚಿಕೊಂಡು ಆ ಮೀಟರನ್ನೂ ಬದಲಿಸಿದ. ಹೊಸ ಮುಳ್ಳೂ ಕೆಂಪು ಗೆರೆಗೇ ಹೋಗಿ ನಿಂತಿತು.

ಇಷ್ಟಕ್ಕೇ ಮುಗಿದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಆದರೆ ಕಮಲಾಕರರು ಬೆಳಗಿನ ವಾಕಿಂಗಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ಪಾಪ, ಜಂಬಪ್ಪನ ಕೈ ಹೋಗ್ಯದ" ಎಂದು ಹೇಳಿಕೊಂಡು ಬಂದರು. ಬೈದಿದ್ದರೂ ಪರವಾಗಿರಲಿಲ್ಲ, ಆ "ಪಾಪ" ಅವನ ಹೊಟ್ಟೆಗೆ ಬೆಂಕಿ ಇಟ್ಟಿತ್ತು. ಅವರ ಜೊತೆ ವಾಕಿಂಗ್ ಮಾಡುವ, ಶಾಲಾ ವ್ಯಾನಿನ ಕೊಟ್ರಯ್ಯ ಇಪ್ಪತ್ತು ವರ್ಷದ ಗಿರಾಕಿ. ಅವನೂ ಹೇಳದೆ ಕೇಳದೆ ಎದುರಿನ ಹೊಸ ಗ್ಯಾರೇಜಿಗೆ ಹೋದ. ಹಿಂದೆಯೇ ಇನ್ನಿಬ್ಬರು ಹೋದರು. ಜಂಬಪ್ಪನಿಗೆ ಇದ್ದದ್ದು ಕೈಯೊಂದೇ. ಅದೇ ಹೋಯಿತೆಂದರೆ ಊರಲ್ಲಿ ಅವನನ್ನು ಕೇಳುವವರಾರು?

ಅದಕ್ಕೇ ಈ ದಿನ ಸಂಡೂರು ಘಾಟಿಗೆ ಕಡೆಯ ಪರೀಕ್ಷೆ ಇಟ್ಟುಕೊಂಡಿದ್ದರು. ಇವತ್ತೂ ಮುಳ್ಳು ಕೆಂಪಿಗೆ ಹೋದರೆ ನಾಳೆ ಕಾರು ಹುಬ್ಬಳ್ಳಿಗೆ ಹೋಗುವುದು, ಇಂಜಿನ್ ಬಿಚ್ಚಿಸುವುದು ಎಂದು ಕಮಲಾಕರರು ತೀರ್ಮಾನ ಹೇಳಿದ್ದರು. ಕಾರು ಹುಬ್ಬಳ್ಳಿಗೆ ಹೋದರೆ ತನ್ನ ಹೆಸರೂ ಅದರ ಜೊತೆಗೇ ಹೋಗುತ್ತದೆಂದು ಜಂಬಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಊರು ದಾಟುವ ಮೊದಲೇ ಮುಳ್ಳು ಏರಿತು. ಕಮಲಾಕರರು ರಸ್ತೆ ನೋಡುವುದನ್ನು ಬಿಟ್ಟು ಮುಳ್ಳನ್ನೇ ನೋಡುತ್ತ ಗಾಡಿ ಹೊಡೆಯುತ್ತಿದ್ದರು. ಮೂರು ಕಿಲೋಮೀಟರಿಗೊಮ್ಮೆ ನಿಲ್ಲಿಸುವುದು, ಬಾನೆಟ್ ಎತ್ತುವುದು, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾಯುವುದು. ಅದಿರಿನ ಲಾರಿಗಳು ಪಕ್ಕದಲ್ಲಿ ಹಾಯ್ದು ಇಬ್ಬರ ಮೇಲೂ ಕೆಂಪು ಧೂಳು ಸುರಿದುಹೋಗುತ್ತಿದ್ದವು.

"ಬಿಸಿ ಇಲ್ರೀ ಸರ್, ಕೈ ಇಟ್ಟು ನೋಡ್ರಿ!"

"ಕೈಗೆ ಏನು ತಿಳೀತದ?"

ಜಂಬಪ್ಪ ಬಾನೆಟ್ಟನ್ನು ದಡಾರನೆ ಮುಚ್ಚಿದ.

ಘಾಟಿಯ ಎರಡನೇ ತಿರುವಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಕಮಲಾಕರರು ಸ್ಟೇರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದರು.

"ಮುಗೀತು. ಇಂಜಿನ್ ಹಿಡಕೊಂಡುಬಿಡ್ತು. ನಾ ಬಡಕೊಂಡೆ, ನೀ ಕೇಳಲಿಲ್ಲ."

ಜಂಬಪ್ಪ ಇಳಿದು ಕಿವಿಗೊಟ್ಟ. ಕೀಲಿ ತಿರುಗಿಸಿದರೆ ಇಂಜಿನ್ ಸಲೀಸಾಗಿ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ ಅಷ್ಟೆ. ಹಿಂದೆ ಹೋಗಿ ಕಾರನ್ನು ಅಲುಗಾಡಿಸಿದ. ಟ್ಯಾಂಕಿನಲ್ಲಿ ಪೆಟ್ರೋಲು ಅಲುಗಿದ ಸದ್ದೇ ಇಲ್ಲ. ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟರೆ ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು.

"ಪೆಟ್ರೋಲ್ ಇಲ್ರೀ ಸರ್!"

"ಹೆಂಗ ಇಲ್ಲ? ಮೀಟರ್ ನೋಡು, ಅರ್ಧ ಟ್ಯಾಂಕ್ ತೋರಸ್ತದ!"

ಆ ಮನುಷ್ಯನ ಎದುರಿಗೇ ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು ಜಂಬಪ್ಪನಿಗೆ. ಕೈ ಎತ್ತಿದವನು ಅಲ್ಲೇ ತಡೆದ. ಬಿಸಿಯ ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿದೆ. ಪೆಟ್ರೋಲಿನ ಮುಳ್ಳೂ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತಿದೆ. ಕಮಲಾಕರರು ಪ್ರತಿ ಸೋಮವಾರ ತಪ್ಪದೆ ಟ್ಯಾಂಕ್ ತುಂಬಿಸುವವರು, ಹಾಗಾಗಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ವಾರ ಬಿಸಿಯ ಚಿಂತೆಯಲ್ಲಿ ತುಂಬಿಸುವುದನ್ನೇ ಮರೆತಿದ್ದರು. ಎರಡು ಮೀಟರು ಒಟ್ಟಿಗೇ ಕೆಡುವುದುಂಟೇ? ಎರಡಕ್ಕೂ ಅಳತೆಯಲ್ಲಿ ಕರೆಂಟು ಹಂಚುವ ಡಬ್ಬಿ ಒಂದೇ. ನಾಲ್ಕು ತಿಂಗಳಲ್ಲಿ ಅದೊಂದನ್ನು ಮಾತ್ರ ಅವನು ಮುಟ್ಟಿರಲಿಲ್ಲ.

ಸಂಡೂರಿನ ಕಡೆ ಹೊರಟಿದ್ದ ಬೈಕಿನವನನ್ನು ತಡೆದು, ಪೆಟ್ರೋಲ್ ತರಲು ಕಮಲಾಕರರನ್ನು ಅವನ ಹಿಂದೆ ಕೂರಿಸಿ ಕಳಿಸಿದ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಸೀಟಿನ ಮೇಲೆ ಚಾಚಿ ಅಂಗಾತ ಮಲಗಿದ. ಅರವತ್ತರ ಸೊಂಟ ಬೇಡವೆಂದಿತು. ಟಾರ್ಚ್ ಬಿಟ್ಟಾಗ ಬೆಂಕಿಪೊಟ್ಟಣದಷ್ಟು ತಗಡಿನ ಡಬ್ಬಿ ಕಂಡಿತು. ಅದರ ಬೆನ್ನು ಕಾರಿನ ತಗಡಿಗೆ ತಾಗಿದ್ದರೆ ಮಾತ್ರ ಅರ್ತ್ ಸಿಕ್ಕಿ ಕರೆಂಟು ಹಿಡಿತದಲ್ಲಿರುತ್ತದೆ. ತಾಗದಿದ್ದರೆ ಬ್ಯಾಟರಿಯ ಕರೆಂಟೆಲ್ಲ ನೇರವಾಗಿ ಮೀಟರಿಗೆ ನುಗ್ಗುತ್ತದೆ, ಮುಳ್ಳು ಮೇಲೇರುತ್ತದೆ. ಇಲ್ಲಿ ತಗಡಿಗೂ ಡಬ್ಬಿಗೂ ನಡುವೆ ಯಾರೋ ದಪ್ಪ ಕಪ್ಪು ರಬ್ಬರ್ ತುಂಡನ್ನು ಸಿಕ್ಕಿಸಿ, ಬೋಲ್ಟನ್ನೂ ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸಿ ಬಿಗಿದಿದ್ದರು.

"ಯಾವ ಮುಠ್ಠಾಳನೋ ಇದನ್ನಿಟ್ಟಂವ!" ಎಂದು ಕೂಗಿ ರಬ್ಬರನ್ನು ಕಿತ್ತು ಬೆಳಕಿಗೆ ಹಿಡಿದ.

ಒಳಗೆ ಕ್ಯಾನ್ವಾಸಿನ ಎಳೆಗಳಿದ್ದವು. ಗಣಿಯಲ್ಲಿ ಅದಿರು ಸಾಗಿಸುವ ಬೆಲ್ಟಿನ ರಬ್ಬರು. ಮೂಲೆಗಳನ್ನು ದುಂಡಗೆ ಕೆತ್ತಿ, ಕಾಯಿಸಿದ ಮೊಳೆಯಿಂದ ತೂತು ಮಾಡಿದ್ದರು. ಹಾಗೆ ಮೂಲೆ ಕೆತ್ತುವವನು ಇಡೀ ಹೊಸಪೇಟೆಯಲ್ಲಿ ಒಬ್ಬನೇ.

ದೀಪಾವಳಿಯ ಮುಂಚೆ ಕಮಲಾಕರರು ಡ್ಯಾಶ್‌ಬೋರ್ಡಿನ ಹಿಂದೆ ಏನೋ ಕಟಕಟ ಅನ್ನುತ್ತದೆ ಎಂದು ಪೀಡಿಸಿದ್ದರು. ಹಬ್ಬದ ಗದ್ದಲ, ಮುಂದೆ ಆರು ಗಾಡಿ ನಿಂತಿದ್ದವು. ಈ ಪುಕಾರು ತಾಳಲಾರದೆ ಜಂಬಪ್ಪನೇ ಒಂದು ಚೂರು ಬೆಲ್ಟ್ ಕೆತ್ತಿ ತುರುಕಿ, ಸದ್ದು ನಿಂತ ಮೇಲೆ ಎದೆಯುಬ್ಬಿಸಿ ಚಹಾ ಕುಡಿದಿದ್ದ. ಆಮೇಲೆ ಮರೆತೇಬಿಟ್ಟಿದ್ದ.

ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ನಾಲ್ಕು ತಿಂಗಳು ಬೈದದ್ದು ಯಾರನ್ನು, ತಪ್ಪು ಯಾರದು! ಡಬ್ಬಿಯನ್ನು ತಗಡಿಗೆ ತಾಗಿಸಿ ಬಿಗಿದು ಕೀಲಿ ತಿರುಗಿಸಿದ. ಪೆಟ್ರೋಲಿನ ಮುಳ್ಳು ನಿಧಾನವಾಗಿ ಇಳಿದು ತಳ ಸೇರಿತು. ಬಿಸಿಯ ಮುಳ್ಳು ನಡುವಿಗೆ ಬಂದು ನಿಂತಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ರಬ್ಬರನ್ನು ಕಣಿವೆಗೆ ಎಸೆದರೆ ಕೇಳುವವರೂ ಇರಲಿಲ್ಲ. ಎಸೆಯಲೆಂದೇ ಎದ್ದು ನಿಂತ.

ಅಷ್ಟರಲ್ಲಿ ಕಮಲಾಕರರು ಬಾಟಲಿ ಹಿಡಿದುಕೊಂಡು ಬಂದಿಳಿದರು. ಪೆಟ್ರೋಲ್ ಹಾಕಿ, ಇಂಜಿನ್ ಹತ್ತಿಸಿ, ಮುಳ್ಳನ್ನೇ ನೋಡುತ್ತ ಕಾಲು ಗಂಟೆ ಕೂತರು. ಅದು ನಡು ಬಿಟ್ಟು ಕದಲಲಿಲ್ಲ.

"ಭೇಷ್ ಜಂಬಪ್ಪ! ನಿನ್ನ ಕೈ ಬಂಗಾರ. ಎಲ್ಲರ ಮುಂದ ಹೇಳ್ತೀನಿ. ಏನಾಗಿತ್ತು?"

ವೈರು ಸಡಿಲಾಗಿತ್ತು ಅಂದರೆ ಮುಗಿದುಹೋಗುತ್ತಿತ್ತು. ಮಾತು ತುದಿನಾಲಿಗೆಗೆ ಬಂದಿತ್ತು ಕೂಡ. ಆದರೆ ಆ ಹೊಗಳಿಕೆ "ಪಾಪ" ಎಂದದ್ದಕ್ಕಿಂತಲೂ ಹೆಚ್ಚು ಚುಚ್ಚಿತು. ಮುಷ್ಟಿ ಬಿಚ್ಚಿ ರಬ್ಬರನ್ನು ಅವರ ಮುಂದೆ ಹಿಡಿದ.

"ಈ ರಬ್ಬರ್ ಅರ್ತ್ ಕಟ್ ಮಾಡಿತ್ರಿ. ಇಟ್ಟಂವ ನಾನ. ದೀಪಾವಳಿ ಮುಂದ."

ಕಮಲಾಕರರು ರಬ್ಬರನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಹಂಗಾದ್ರ ನಾ ಊರ ತುಂಬ ಹೇಳಿದ್ದು ಖರೇನ ಆತಲ್ಲ?"

"ಖರೇ ರೀ."

ಅವರು ಫೋನ್ ತೆಗೆದು ಕೊಟ್ರಯ್ಯನಿಗೆ ಹಚ್ಚಿದರು. "ಗಾಡಿ ಸರಿ ಆತು. ಹೂಂ, ಜಂಬಪ್ಪನ ಮಾಡ್ದ. ಏನಾಗಿತ್ತು ಅಂತ ಅವನ ಹೇಳ್ತಾನ, ಕೇಳು" ಎಂದು ಫೋನನ್ನು ಜಂಬಪ್ಪನ ಕೈಗೆ ತುರುಕಿದರು. ಬೇಕೆಂದೇ ಮಾಡಿದರೋ, ಇಂಜಿನಿಯರ್ ಬುದ್ಧಿಯೋ, ದೇವರಿಗೇ ಗೊತ್ತು. ಜಂಬಪ್ಪ ಘಾಟಿಯ ನಡುವೆ ನಿಂತು, ಒಂದೂ ಬಿಡದೆ ಎಲ್ಲ ಹೇಳಿದ.

"ತಪ್ಪು ನಿಂದನಾ?" ಕೊಟ್ರಯ್ಯ ಕೇಳಿದ.

"ನಂದ."

"ನಾಳೆ ವ್ಯಾನ್ ತರ್ತೀನಿ, ನೋಡು. ಈ ಹೊಸ ಗ್ಯಾರೇಜಿನಂವ ಅದಾನಲ್ಲ, ಮೂರು ಸಲ ಹಾಳು ಮಾಡಿ ಮೂರು ಸಲಾನೂ ಕಂಪನೀದ ತಪ್ಪು ಅಂತಾನ."

"ತರ್ರಿ," ಎಂದ ಜಂಬಪ್ಪ. ಪಕ್ಕದಲ್ಲೇ ಅದಿರಿನ ಲಾರಿಯೊಂದು ಹಾಯ್ದದ್ದರಿಂದ ಅದು ಆ ಕಡೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.