ಬೋಳು ಕೇಕು

ಅಪ್ಪನಿಂದ ಬಂದ ಬೇಕರಿಯಲ್ಲಿ ಕೇಕು ಬೇಯಿಸುವವಳು ಅಕ್ಕ, ಅದರ ಮೇಲೆ ಕ್ರೀಮಿನ ಹೂಬಳ್ಳಿ ಬಿಡಿಸುವವಳು ತಮ್ಮನ ಹೆಂಡತಿ. ಇಬ್ಬರ ಕೋಣೆಗಳ ನಡುವೆ ಇದ್ದದ್ದು ಒಂದೇ ಬಾಗಿಲು. ಅಲ್ಲಿ ನಿಂತು ಒಮ್ಮೆಯಾದರೂ ಮೂಗು ಮುರಿಯದಿದ್ದರೆ ಅಕ್ಕನಿಗೆ ದಿನ ಕಳೆಯುತ್ತಿರಲಿಲ್ಲ.

"ಆಯ್ತೇನಮ್ಮಾ ಮದುಮಗಳ ಸಿಂಗಾರ? ಅದರೊಳಗೆ ಕೇಕು ಅಂತ ಒಂದಿದೆ, ನೆನಪಿರಲಿ."

ತಮ್ಮನ ಹೆಂಡತಿ ತಲೆಯೆತ್ತದೆ ಇನ್ನೊಂದು ಗುಲಾಬಿ ಅರಳಿಸುತ್ತಿದ್ದಳು.

ಗಿರಾಕಿಗಳ ಮೇಲೂ ಅಕ್ಕನಿಗೆ ಅಷ್ಟೇ ತಾತ್ಸಾರ. ಫೋನು ಚಾಚಿ ಇದೇ ನೀಲಿ ಬೇಕು ಎನ್ನುತ್ತಾರೆಯೇ ಹೊರತು, ತಿನ್ನಲು ಹೇಗಿರುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ನಾಲಿಗೆ ಮನೆಯಲ್ಲಿಟ್ಟು ಕಣ್ಣು ಮಾತ್ರ ಹೊತ್ತು ಬರುವ ಜನ! ಸಕ್ಕರೆ ಕಾಯಿಲೆ ಬಂದ ಮೇಲೆ ಅಕ್ಕನೂ ತನ್ನ ಕೇಕನ್ನು ಬಾಯಿಗೆ ಹಾಕಿಕೊಂಡವಳಲ್ಲ. ಆದರೆ ಅವಳ ಮಾತೇ ಬೇರೆ. ಅವಳಿಗೆ ಮೂಗಿತ್ತು, ಕೈಯಳತೆ ಇತ್ತು, ಎಲ್ಲಕ್ಕಿಂತ ಮಿಗಿಲಾಗಿ ಹಮ್ಮು ಇತ್ತು.

ಒಂದು ದಿನ ತಮ್ಮ ಬಂದು ಗೋಣು ತುರಿಸಿಕೊಂಡ.

"ಅಕ್ಕಾ, ಓವನ್ ತೆಗೆಸಿಬಿಡೋಣ. ಬೆಂದ ಕೇಕು ಫ್ಯಾಕ್ಟರಿಯಿಂದ ತರಿಸಿದ್ರಾಯ್ತು. ಮೇಲೆ ಚೆನ್ನಾಗಿದ್ರೆ ಒಳಗೇನಿದೆ ಅಂತ ಯಾರು ನೋಡ್ತಾರೆ?"

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಓವನ್ ಹೋದರೆ ಅವಳಿಗೆ ಈ ಅಂಗಡಿಯಲ್ಲಿ ಕುರ್ಚಿಯೂ ಉಳಿಯುವುದಿಲ್ಲ.

"ನಾಳೆ ಶಾಲೇಲಿ ಟೀಚರಮ್ಮನ ನಿವೃತ್ತಿ ಸಮಾರಂಭಕ್ಕೆ ನನ್ನ ಕೇಕು ಬೋಳಾಗೇ ಹೋಗ್ಲಿ. ನಿನ್ನ ಹೆಂಡ್ತಿ ಅದರ ಹತ್ರಾನೂ ಸುಳೀಬಾರದು. ಜನ ಇನ್ನೊಂದು ತುಂಡು ಕೇಳದಿದ್ರೆ ನಾನೇ ಓವನ್ ಕಿತ್ತು ಹಾಕ್ತೀನಿ."

ಮರುದಿನ ಶಾಲೆಯ ಕೋಣೆಯಲ್ಲಿ ಬೋಳು ಕೇಕು ಮೇಜಿನ ಮೇಲೆ ಕುಳಿತಿತ್ತು. "ಅಯ್ಯೋ, ಕೆಲಸ ಅರ್ಧಕ್ಕೇ ಬಿಟ್ರಾ?" ಎಂದಳೊಬ್ಬಳು. ಇನ್ನೊಬ್ಬಳು ಹೂಕುಂಡವನ್ನು ಮುಂದೆ ಎಳೆದು ಫೋಟೊ ತೆಗೆದಳು. ಮೂರ್ಖರೆಲ್ಲ ಒಂದೇ ಕಡೆ ಸೇರಿದ್ದೀರಿ, ತಿಂದ ಮೇಲೆ ಗೊತ್ತಾಗುತ್ತದೆ ಎಂದುಕೊಂಡು ಅಕ್ಕ ಗೋಡೆಗೊರಗಿ ಕಾದಳು.

ತಿಂದರು. ಅಗಿದರು, ಇನ್ನೂ ಅಗಿದರು, ನೀರಿನ ಜಗ್ಗಿಗೆ ಕೈ ಚಾಚಿದರು. "ಆರೋಗ್ಯಕ್ಕೆ ಒಳ್ಳೇದು ಅನ್ಸುತ್ತೆ," ಎಂದು ಒಬ್ಬ ಮೇಷ್ಟ್ರು ತಟ್ಟೆಯನ್ನು ಕಿಟಕಿಯ ಬಳಿ ಬಿಟ್ಟು ಜಾರಿಕೊಂಡರು. ಇನ್ನೊಂದು ತುಂಡು ಯಾರೂ ಕೇಳಲಿಲ್ಲ.

ಕೊನೆಗೆ ಟೀಚರಮ್ಮನೇ ಅಕ್ಕನ ಕೈ ಹಿಡಿದರು. "ಬೇಜಾರು ಮಾಡ್ಕೋಬೇಡಮ್ಮ. ನಿಮ್ಮ ಕೇಕು ಕಚ್ಚಿದ್ರೆ ಒಳಗೆ ರಸ ರಸ ಇರ್ತಿತ್ತಲ್ಲ, ಅದೆಲ್ಲಿ ಹೋಯ್ತು?"

ರಸವೇ? ಅಕ್ಕ ತನ್ನ ಕೇಕಿಗೆ ಯಾವ ರಸವನ್ನೂ ಹಾಕಿದವಳಲ್ಲ. ಡಬ್ಬಿ ಮುಚ್ಚುವ ನೆಪದಲ್ಲಿ ಚೂರು ಮುರಿದು ಬಾಯಿಗಿಟ್ಟಳು. ಅದು ಹುಡಿಯಾಗಿ ಗಂಟಲಲ್ಲೇ ಕೂತಿತು. ನುಂಗಲು ಅವಳಿಗೂ ನೀರು ಬೇಕಾಯಿತು.

ಅಂಗಡಿಗೆ ಬಂದವಳೇ ಬಾಗಿಲಲ್ಲಿ ನಿಂತಳು. ಈ ಸಲ ಮೂಗು ಮುರಿಯಲಾಗಲಿಲ್ಲ.

"ಕೇಕಿನೊಳಗೆ ಏನು ಹಾಕ್ತಿದ್ದೆ?"

"ಸಕ್ಕರೆ ನೀರು ಅಕ್ಕಾ. ಕ್ರೀಮು ಬಳಿಯೋ ಮುಂಚೆ ಕುಡಿಸ್ತೀನಿ. ನಿಮಗೆ ಕಾಯಿಲೆ ಬಂದಾಗಿಂದ ಕೇಕು ಒಣಗ್ತಾ ಬಂತು, ರುಚಿ ನೋಡೋಕಾಗದೆ ನೀವು ಜಾಸ್ತಿ ಬೇಯಿಸ್ತೀರಿ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೂವು ಬಿಡಿಸೋಳಿಗೆ ರುಚಿ ಏನು ಗೊತ್ತು ಅಂತಿದ್ರಿ."

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ವರ್ಷ ಆಡಿಕೊಂಡ ಒಂದೊಂದು ಮಾತೂ ತಿರುಗಿ ಅವಳ ಮುಖಕ್ಕೇ ಬಡಿಯುತ್ತಿತ್ತು. ಅಷ್ಟರಲ್ಲಿ ತಮ್ಮ ಒಳಗೆ ಇಣುಕಿದ.

"ಏನಾಯ್ತಕ್ಕಾ? ಇನ್ನೊಂದು ತುಂಡು ಕೇಳಿದ್ರಾ?"

ಅಕ್ಕ ಬಾಯಿ ತೆರೆಯುವುದರೊಳಗೆ ತಮ್ಮನ ಹೆಂಡತಿಯೇ ಹೇಳಿದಳು.

"ಕೇಳದೆ ಏನು? ಮುಗಿಬಿದ್ದು ತಿಂದ್ರಂತೆ. ಸಾಲಲೇ ಇಲ್ವಂತೆ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಹೌದೆಂದು ತಲೆಯಾಡಿಸಿದಳು.