ಎತ್ತುವವರು

“ನಿನ್ನ ಮಗಳೇನು ಮೂಟೆನೇನಯ್ಯಾ, ಕೈಗೆ ಸಿಕ್ಕಿದ್ದು ಹಿಡ್ಕೊಂಡು ಎತ್ತೋಕೆ? ತಲೇಲಿ ಏನು ತುಂಬ್ಕೊಂಡಿದ್ದೀಯಾ, ಹೊಟ್ಟಾ?”

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ನನ್ನ ಗಂಡನ ಮುಖಕ್ಕೆ ಹಿಡಿದು ಬೈಯುತ್ತಿದ್ದರು. ಅವನು ತಲೆ ತಗ್ಗಿಸಿ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. ಮಂಚದ ಮೇಲೆ ನಮ್ಮ ಮಗಳು ಗಿಣಿ ಅತ್ತು ಅತ್ತು ದನಿ ಹೋಗಿ ಬರೀ ಬಾಯಿ ತೆರೆಯುತ್ತಿದ್ದಳು.

ಹುಟ್ಟುವಾಗ ಉಸಿರು ಕಟ್ಟಿ ಅವಳ ಮೆದುಳಿಗೆ ಪೆಟ್ಟಾಗಿತ್ತು. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡೇ ಬೆಳೆದವು. ಸೊಂಟದ ಕೀಲು ಜಾರಿತು. ಕೂರಿಸಿದರೆ ನೋವು, ಮಲಗಿಸಿದರೂ ನೋವು. ಅಂತೂ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು, ಮೂಳೆ ತಿರುಗಿಸಿ ಕೂಡಿಸಿ, ಎದೆಯಿಂದ ಕಾಲ್ಬೆರಳವರೆಗೆ ಪ್ಲಾಸ್ಟರ್ ಹಾಕಿದರು. ಕಾಲೆರಡೂ ಅಗಲಕ್ಕೆ, ಹತ್ತಿರ ಬರದ ಹಾಗೆ ನಡುವೆ ಅಡ್ಡಕ್ಕೊಂದು ಕೋಲು. ಮೂಳೆ ಸರಿಯಾಗಿ ಕೂಡಿದರೆ ಒರಗಿಕೊಂಡಾದರೂ ನೋವಿಲ್ಲದೆ ಕೂರುತ್ತಾಳೆ ಎಂದಿದ್ದರು. ನಮಗೆ ಅಷ್ಟೇ ಸಾಕಿತ್ತು. ಅವಳು ಓಡಲಿ ಎಂದು ನಾವು ಯಾವತ್ತೂ ಬೇಡಿಕೊಂಡವರಲ್ಲ.

ಮನೆಗೆ ಕಳಿಸುವ ದಿನ ಅದೇ ಮಂಚಕ್ಕೆ ಇನ್ನೊಂದು ಮಗು ಬಾಗಿಲಲ್ಲೇ ಕಾಯುತ್ತಿತ್ತು. ನರ್ಸಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿದರು: ಔಷಧಿ ಕೊಡಿ, ಒದ್ದೆ ಮಾಡಬೇಡಿ, ಮಗ್ಗುಲು ಬದಲಿಸ್ತಾ ಇರಿ. ಕೋಲಿನ ಮಾತು ಬರಲೇ ಇಲ್ಲ.

ನನ್ನ ಗಂಡ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ನಾನು ಅಲ್ಲೇ ಚೆಲ್ಲಿದ ಕಾಳು ಗುಡಿಸುತ್ತೇನೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಇನ್ನೊಂದು ಜೀವವಿಲ್ಲ. ಹಾಗಾಗಿ ಗೋದಾಮಿನ ಮೂಲೆಯಲ್ಲಿ ಖಾಲಿ ಚೀಲಗಳನ್ನು ಹಾಸಿ ಮಲಗಿಸುತ್ತಿದ್ದೆ. ಹಮಾಲರು ಮೂಟೆಗೆ ಕೈ ಹಾಕುವಾಗ “ಹಾಂ, ಎತ್ರೋ!” ಎಂದು ಕೂಗುವುದು ರೂಢಿ. ಗಿಣಿ ಅದನ್ನು ಕಲಿತುಬಿಟ್ಟಳು. ತೊದಲಿಕೊಂಡು ಅವಳು ಕೂಗುವವರೆಗೆ ಯಾರೂ ಮೂಟೆ ಎತ್ತುತ್ತಿರಲಿಲ್ಲ. “ಏನಮ್ಮಾ ಮೇಸ್ತ್ರಿ, ಅಪ್ಪಣೆನಾ?” ಎಂದು ಕಾಡಿಸಿದರೆ ಕಿಲಕಿಲ ನಗುತ್ತಿದ್ದಳು.

ಹಿಂದಿನ ಮಧ್ಯಾಹ್ನ ಯಜಮಾನ ವ್ಯಾಪಾರಿಗಳನ್ನು ಕರೆದುಕೊಂಡು ಬಂದಿದ್ದ. ಗಿಣಿಯ ಮೇಲೆ ಹೊದಿಸಿದ್ದ ಬಟ್ಟೆ ಜಾರಿತ್ತು. ಪ್ಲಾಸ್ಟರಿನಿಂದ ಉಚ್ಚೆ ವಾಸನೆ ಬರುತ್ತಿತ್ತು.

“ಥೂ! ಏನಿದು ಅಸಹ್ಯ? ಹೆಣ್ಣುಮಗು ಹಿಂಗೆ ಕಾಲು ಅಗಲಿಸ್ಕೊಂಡು ಬಿದ್ದಿದ್ರೆ ಬಂದೋರು ಏನಂದ್ಕೋತಾರೆ? ಲೇ ಬೋಳಿಮಗನೇ, ಎತ್ತಿ ಹಿಂದ್ಗಡೆ ಹಾಕೋ!”

“ಇನ್ನೊಬ್ರು ಬರ್ಲಿ ಯಜಮಾನ್ರೇ. ಇವಳನ್ನ ಎತ್ತೋಕೆ ಇಬ್ರು ಬೇಕು,” ಎಂದ ನನ್ನ ಗಂಡ.

“ಅಷ್ಟು ದೊಡ್ಡ ಮೂಟೆ ಒಬ್ನೇ ಹೊರ್ತೀಯಲ್ಲೋ, ಇದಕ್ಕೆ ಇಬ್ರಾ? ಎತ್ತೋ ಅಂದ್ರೆ!”

ಭಾರ ಕಂಡರೆ ಹಮಾಲರ ಕೈ ಮೊದಲು ಹಿಡಿ ಹುಡುಕುತ್ತದೆ. ಮೂಟೆಗೆ ಹಿಡಿ ಇರುವುದಿಲ್ಲ, ಅದಕ್ಕೇ ಕೊಕ್ಕೆ ಚುಚ್ಚಿ ಎಳೆದುಕೊಳ್ಳುತ್ತಾರೆ. ಹೆತ್ತ ಮಗಳಿಗೆ ಕೊಕ್ಕೆ ಹಾಕಲಾದೀತೇ? ಆ ಕೋಲು ಹಿಡಿಯುವುದಕ್ಕೆಂದೇ ಇಟ್ಟಿದ್ದು ಎಂದು ಅವನಿಗೆ ಕಂಡಿರಬೇಕು. ನಾನು ಆ ತುದಿಯಿಂದ ಓಡಿ ಬರುವಷ್ಟರಲ್ಲಿ ಒಂದು ಕೈ ಬೆನ್ನಡಿ ಕೊಟ್ಟು, ಇನ್ನೊಂದರಲ್ಲಿ ಕೋಲು ಹಿಡಿದು ಎತ್ತಿದ. ಲಟಕ್ಕೆಂದು ಕೋಲು ಕಿತ್ತು ಪ್ಲಾಸ್ಟರ್ ಒಡೆಯಿತು. ಗಿಣಿ ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

“ಕೂಡ್ಸಿದ್ದ ಮೂಳೆ ಸರಿದಿದೆ. ಮತ್ತೆ ಕೊಯ್ಬೇಕು,” ಎಂದರು ಡಾಕ್ಟರು. “ಮಂಚ ಖಾಲಿಯಾದಾಗ ಹೇಳಿ ಕಳಿಸ್ತೀವಿ. ನಿಮ್ಮಂಥೋರಿಗೆ ಆಪರೇಷನ್ ಮಾಡೋದೇ ದಂಡ.”

“ಅದನ್ನ ಹಿಡೀಬಾರ್ದು ಅಂತ ಯಾರೂ ಹೇಳ್ಲಿಲ್ಲ ಡಾಕ್ಟ್ರೇ,” ಎಂದೆ.

“ಅದನ್ನೂ ಹೇಳ್ಕೊಡ್ಬೇಕಾ?” ಎಂದು ಅವರು ಮುಂದಿನ ಮಂಚಕ್ಕೆ ಹೋದರು.

ಒಡೆದ ಕಡೆ ಹೊಸ ಪಟ್ಟಿ ಸುತ್ತಿ, ಕೋಲು ಮತ್ತೆ ಕಟ್ಟಿ ಕಳಿಸಿದರು. ಲಾರಿಗೆ ಆನಿಸುವ ಹಲಗೆಯನ್ನು ನಮ್ಮ ಹಮಾಲರು ತಂದಿದ್ದರು. ಅದರ ಮೇಲೆ ಗಿಣಿಯನ್ನು ಮಲಗಿಸಿ ಹೊತ್ತುಕೊಂಡು ನಡೆದೆವು. ಎದುರಿಗೆ ಬಂದವರು ಹೆಣವೆಂದುಕೊಂಡು ದಾರಿ ಬಿಟ್ಟರು. ನನ್ನ ಗಂಡ ಮಾತ್ರ ಹಲಗೆಗೆ ಹೆಗಲು ಕೊಡಲಿಲ್ಲ.

“ನೀನೇ ಹಿಡ್ಕೊಳೇ. ನನ್ನ ಕೈ ಸೇದ್ಹೋಗ್ಲಿ,” ಎಂದು ಪಕ್ಕದಲ್ಲಿ ನಡೆಯುತ್ತಿದ್ದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸಿಟ್ಟಿತ್ತು, ಅದು ಅವನ ಮೇಲಲ್ಲ.

ಗೋದಾಮಿನ ಮುಂದೆ ಲಾರಿ ಕಾಯುತ್ತಿತ್ತು. ನನ್ನ ಗಂಡ ನಮ್ಮ ಮೂಲೆಯ ಕಡೆ ತಿರುಗಲಿಲ್ಲ. ಯಜಮಾನನ ಕೋಣೆಯ ಬಾಗಿಲು ತಳ್ಳಿ ಹಿಡಿದು ನಿಂತ. ಫ್ಯಾನಿನ ಕೆಳಗಿನ ಉದ್ದನೆಯ ಸೋಫಾದ ಮೇಲೆ ಗಿಣಿಯನ್ನು ಮೆಲ್ಲಗೆ ಇಳಿಸಿದೆವು.

“ಏನ್ರೋ ಇದು? ತಲೆ ಕೆಟ್ಟಿದ್ಯಾ? ಎತ್ರೋ ಇದನ್ನ!”

“ಎತ್ತಲ್ಲ,” ಎಂದ ನನ್ನ ಗಂಡ. “ನಿಮ್ಮ ಮಾತು ಕೇಳಿ ನಿನ್ನೆ ಎತ್ತಿದ್ದಾಯ್ತು. ಇವತ್ತು ನೀವೇ ಎತ್ತಿ.”

ಉಳಿದವರು ಹೆಗಲ ಮೇಲಿನ ಗೋಣಿಯನ್ನು ನೆಲಕ್ಕೆ ಹಾಸಿ ಅಲ್ಲೇ ಕೂತರು. ಯಜಮಾನ ಒಬ್ಬೊಬ್ಬರ ಮುಖ ನೋಡಿದ.

“ಕೆಲಸ ಬೇಡ್ವೇನ್ರೋ ಸೂಳೇಮಕ್ಳಾ? ನನ್ನ ಕೈಲೇನು ಆಗಲ್ಲ ಅಂದ್ಕೊಂಡ್ರಾ?”

ಅಂಗಿಯ ತೋಳು ಮಡಚಿ ಗಿಣಿಯ ಮೇಲೆ ಬಾಗಿದ. ಎಲ್ಲಿ ಕೈ ಹಾಕಬೇಕೋ ತಿಳಿಯದೆ ಒಂದು ಗಳಿಗೆ ತಡಕಾಡಿದ. ಆಮೇಲೆ ಅವನ ಕೈ ಸೀದಾ ಆ ಕೋಲಿಗೇ ಹೋಯಿತು.

ನಾನು ಹೊಡೆದೆ. ಕಾಳು ಗುಡಿಸುವ ಈ ಕೈಯಲ್ಲಿ, ಉಂಗುರ ತೊಟ್ಟ ಅವನ ಕೈ ಆಚೆ ಹಾರುವ ಹಾಗೆ ಹೊಡೆದೆ.

“ನಿಂಗೂ ಹಿಡಿಯೋಕೆ ಅದೇ ಕಾಣ್ತೇನೋ?” ಎಂದೆ.

ಹೊರಗೆ ಲಾರಿಯವನು ಹಾರ್ನ್ ಒತ್ತಿದ. ಆ ಸದ್ದು ಕೇಳಿದರೆ ಕೆಲಸ ಶುರುವೆಂದು ಗಿಣಿಗೆ ಗೊತ್ತು. ಕೂತಿದ್ದವರನ್ನೆಲ್ಲ ನೋಡಿ, ಒಡೆದ ದನಿಯಲ್ಲಿ ಕೂಗಿದಳು, “ಹಾಂ, ಎತ್ರೋ!”

ಯಾರೂ ಏಳಲಿಲ್ಲ.