ಹೆಸರು ಕೊರೆಸಿದ ಕೊಡ

ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮಗಳು ಮನಿಷಾ ಟ್ರಂಕಿನಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದಿದ್ದಳು.

"ಅವ್ವಾ, ನನ್ನ ಬೂಟು ಎಲ್ಲಿ?"

ಬೆಳಗಿನಿಂದ ಅವಳು ಒಂದು ಕಡೆ ಕೂತಿರಲಿಲ್ಲ. ಅಂಗಳಕ್ಕೆ ಹೋಗುವಳು, ಆಡುಗಳ ನಡುವೆ ಸುಮ್ಮನೆ ನಿಲ್ಲುವಳು, ಮತ್ತೆ ಒಳಗೆ ಬರುವಳು. ಬಸವಕಲ್ಯಾಣದ ಶಾಲೆಯೊಂದರಿಂದ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಲು ಕರೆ ಬಂದಿತ್ತು. ನಾಳೆ ಹೋದರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು. ಹನ್ನೊಂದು ವರ್ಷ ಚೆನ್ನೈನ ಕ್ಲಬ್ಬಿಗೆ ಸಂಬಳಕ್ಕೆ ಆಡಿದವಳು, ಮೊಣಕಾಲಿಗೆ ಎರಡು ಆಪರೇಷನ್ ಆಗಿ ಹುಮನಾಬಾದಿಗೆ ಮರಳಿದ ಮೇಲೆ ಚೆಂಡು ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಬೂಟು ಕೇಳಿದ್ದು ಇದೇ ಮೊದಲು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಬೂಟನ್ನೂ ಆಟದ ಅಂಗಿಯನ್ನೂ ದೀಪಾವಳಿಯ ಮುಂಚೆಯೇ ಜೈನಬಿಗೆ ಕೊಟ್ಟುಬಿಟ್ಟಿದ್ದೆ. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು ಅವಳು. ಟ್ರಂಕು ತೆರೆದಾಗಲೆಲ್ಲ ಮಗಳ ಮುಖ ಬಾಡುತ್ತಿತ್ತು. ಕಣ್ಣೆದುರು ಇಲ್ಲದಿದ್ದರೆ ಮರೆತಾಳು ಅಂದುಕೊಂಡಿದ್ದೆ. ಬದಲಿಗೆ ಸಿಕ್ಕ ಕೊಡ ಅವಳ ಮದುವೆಗಿರಲಿ ಎಂದು ಹೆಸರನ್ನೂ ಕೊರೆಸಿಟ್ಟಿದ್ದೆ.

ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. ಸ್ಟೂಲಿಲ್ಲದೆಯೇ ಎತ್ತರದ ಅಟ್ಟದ ಮೇಲಿನ ಕೊಡ ಇಳಿಸಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ನನ್ನ ಹೆಸರು ಆ ಅಂಗಿ ಬೆನ್ನ ಮ್ಯಾಲ ಇತ್ತವ್ವಾ. ನೀ ಕೊಡದ ಮ್ಯಾಲ ಹಾಕ್ಸಿದಿ. ಬಿಡು, ನಾ ಹೋಗಂಗಿಲ್ಲ."

ಹಿಟ್ಟು ಮುಚ್ಚಿಟ್ಟು, ಕೊಡ ಬಗಲಿಗಿಟ್ಟುಕೊಂಡು, ಜೈನಬಿ ಕೂರುವ ಮಾಣಿಕನಗರದ ಆಟೋ ಹತ್ತಿದೆ. ಹೋಗಂಗಿಲ್ಲ ಅಂದವಳೇ ಓಡಿಬಂದು ಪಕ್ಕದಲ್ಲಿ ತೂರಿಕೊಂಡಳು. ದಾರಿಯುದ್ದಕ್ಕೂ ಅವಳ ಮೊಣಕಾಲು ಕುಣಿಯುತ್ತಲೇ ಇತ್ತು.

ಜೈನಬಿ ರಸ್ತೆ ಬದಿಯಲ್ಲಿ ಪಾತ್ರೆ ಹರವಿಕೊಂಡು ಕೂತಿದ್ದಳು. ಕೊಡ ನೋಡಿ ತಲೆಯಾಡಿಸಿದಳು.

"ಹೆಸರು ಕೊರದದ್ದು ವಾಪಸ್ ತಗೊಳಂಗಿಲ್ರಿ ಅಕ್ಕಾ. ಮನಿಷಾ ಅನ್ನೋ ಇನ್ನೊಬ್ಬ ಮದಿಮಗಳನ್ನ ನಾ ಎಲ್ಲಿಂದ ತರ್ಲಿ?"

"ಕೊಡ ಇರ್ಲಿ. ಬೂಟು ಅದಾವೋ ಇಲ್ಲೋ?"

"ಅದಾವ್ರಿ. ಅಷ್ಟು ದೊಡ್ಡ ಪಾದ ಈ ಊರಾಗ ಯಾರಿಗದಾವ? ನಮ್ಮನಿಯವ್ರು ಹಾಕ್ಕೊಂಡು ನೋಡಿದ್ರು, ಎರಡ ಹೆಜ್ಜಿಗೇ ಬಿದ್ರು!"

"ಅಂಗಿ?" ಮನಿಷಾ ಕೇಳಿದಳು.

ಜೈನಬಿಯ ನಗು ನಿಂತಿತು. "ಅದು ಗ್ಯಾರೇಜಿನವ್ರು ಒಯ್ದಾರವ್ವಾ. ಒರಸಾಕ."

ಬೂಟಿಗೆ ಒಂದು ಸೀರೆ ಕೊಡುವುದೆಂದು ಮಾತಾಯಿತು. ಮನಿಷಾ ಅಲ್ಲೇ ಕಟ್ಟೆಯ ಮೇಲೆ ಕೂತು ಬೂಟು ಹಾಕಿದಳು. ಲೇಸು ಕಟ್ಟಿದಳು, ಬಿಚ್ಚಿದಳು, ಮತ್ತೆ ಬಿಗಿಯಾಗಿ ಕಟ್ಟಿದಳು. ಎದ್ದು ನಾಲ್ಕು ಹೆಜ್ಜೆ ನಡೆದಳು.

"ಕುಂಟಾಕತ್ತಿ. ನೋಯ್ತದೇನ?"

"ನೋಯ್ತದ. ಮುಂಜಾನಿ ಮೊದಲ ಬಸ್ಸು ಎಷ್ಟಕ್ಕವ್ವಾ?"

ಮರುದಿನ ಬುತ್ತಿ ಕಟ್ಟುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು, ಕೊಡವನ್ನು ಬಗಲಲ್ಲಿಟ್ಟುಕೊಂಡು.

"ಅದ್ಯಾಕ?"

"ಹುಡುಗ್ಯಾರಿಗೆ ನೀರು ಬೇಕಲ್ಲ."

ಬಸ್ ಹತ್ತಿಸಲು ನಾನೂ ಹೋದೆ. ಒಳಗೆ ಸೀಟು ಖಾಲಿಯಿದ್ದವು. ಕೊಡವನ್ನು ಒಂದು ಸೀಟಿನ ಮೇಲಿಟ್ಟು ಅವಳು ಕೂರುವ ತಾಳ್ಮೆಯಿಲ್ಲದೆ ನಿಂತೇ ಹೋದಳು.